ಮೇನ್‌ಲೈನ್ ಡ್ರೈವರ್‌ನಿಂದ ಪ್ಲಾಟ್‌ಫಾರ್ಮ್ ಡೇಟಾ ತೆಗೆಯುವಾಗ ಟ್ರೀ ಹೊರಗಿನ ಬೋರ್ಡ್‌ಗಳನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಪ್ರಶ್ನೆ: ಕೀಪ್ಯಾಡ್_ಕೋಡಿಗ

ಲಿನಕ್ಸ್ ಕರ್ನಲ್‌ನ ಇನ್‌ಪುಟ್ ವಿಭಾಗದಲ್ಲಿರುವ ಹಳೆಯ ಐ2ಸಿ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಗಳ ಬಸ್) ಕೀಪ್ಯಾಡ್ ಡ್ರೈವರ್ ಒಂದನ್ನು ಸರಳಗೊಳಿಸುವ ಪ್ಯಾಚ್ ಸರಣಿಯನ್ನು ಸಿದ್ಧಪಡಿಸುತ್ತಿದ್ದೇನೆ. ಈ ಡ್ರೈವರ್‌ಗೆ ಬೇಕಾದ ವಿವರಗಳು ಡಿವೈಸ್ ಟ್ರೀಯಿಂದಲೂ (ಹಾರ್ಡ್‌ವೇರ್ ವಿವರಗಳನ್ನು ಪ್ರಾಪರ್ಟಿಗಳಾಗಿ ಬರೆದಿಡುವ ಪ್ರತ್ಯೇಕ ಕಡತ) ಬರಬಹುದು, ಬೋರ್ಡ್ ಫೈಲ್ (ಒಂದು ಬೋರ್ಡ್‌ನ ವಿವರಗಳಿರುವ ಸಿ ಕೋಡ್) ಕೊಡುವ ಪ್ಲಾಟ್‌ಫಾರ್ಮ್ ಡೇಟಾ ಸ್ಟ್ರಕ್ಚರ್‌ನಿಂದಲೂ ಬರಬಹುದು. ಹೀಗಾಗಿ ಸಾಧನವನ್ನು ಸಿದ್ಧಗೊಳಿಸುವ ಪ್ರೋಬ್ ಫಂಕ್ಷನ್‌ನಲ್ಲಿ ಪ್ರತಿಯೊಂದು ವಿವರಕ್ಕೂ ಎರಡು ಕವಲುಗಳಿದ್ದು, ಓದುವವರಿಗೆ ಚಿಪ್‌ನ ನಿಜವಾದ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬುದೇ ಗೊತ್ತಾಗುವುದಿಲ್ಲ.

ಕರ್ನಲ್‌ನ 6.3ನೇ ಆವೃತ್ತಿಯಲ್ಲಿ ಸ್ಯಾಮ್‌ಸಂಗ್‌ನ ಎಸ್3ಸಿ24ಎಕ್ಸ್‌ಎಕ್ಸ್ ಚಿಪ್‌ಗಳದ್ದೂ ಸೇರಿದಂತೆ ಆರ್ಮ್ ಪ್ರೊಸೆಸರ್‌ಗಳ ಅನೇಕ ಹಳೆಯ ಬೋರ್ಡ್ ಫೈಲ್‌ಗಳನ್ನು ತೆಗೆದುಹಾಕಲಾಯಿತು. ಈಗ ಈ ಸ್ಟ್ರಕ್ಚರ್ ಅನ್ನು ಟ್ರೀ (ಮೇನ್‌ಲೈನ್, ಅಂದರೆ ಅಧಿಕೃತ ಕರ್ನಲ್‌ನ ಮೂಲ ಕೋಡ್) ಒಳಗೆ ಯಾರೂ ಬಳಸುತ್ತಿಲ್ಲ ಎಂಬುದನ್ನು ಗಿಟ್ ಗ್ರೆಪ್ ಹುಡುಕಾಟದಿಂದ ಖಚಿತಪಡಿಸಿಕೊಂಡಿದ್ದೇನೆ. ಆದರೆ ಕೈಗಾರಿಕಾ ಉಪಕರಣಗಳನ್ನು ತಯಾರಿಸುವವರು ತಮ್ಮದೇ ಬೋರ್ಡ್ ಫೈಲ್‌ಗಳನ್ನು ಟ್ರೀ ಹೊರಗೆ ಇಟ್ಟುಕೊಂಡಿರುವುದು ಅಪರೂಪವಲ್ಲ. ಸ್ಟ್ರಕ್ಚರ್ ಅನ್ನು ಪೂರ್ತಿಯಾಗಿ ತೆಗೆದುಹಾಕುವುದು ಸರಿಯೇ, ಅಥವಾ ಇನ್ನೂ ಕೆಲವು ಆವೃತ್ತಿಗಳವರೆಗೆ ಎರಡೂ ದಾರಿಗಳನ್ನು ಉಳಿಸಿಕೊಳ್ಳಬೇಕೇ?

ಉತ್ತರ 1: ತುಂಗಾತೀರ

ನಿಯಮದ ಮಟ್ಟದಲ್ಲಿ ಇದು ಎಂದೋ ತೀರ್ಮಾನವಾದ ವಿಷಯ. ಕರ್ನಲ್ ತನ್ನ ಯೂಸರ್‌ಸ್ಪೇಸ್ (ಸಾಮಾನ್ಯ ಪ್ರೋಗ್ರಾಂಗಳು ಓಡುವ ಭಾಗ) ಇಂಟರ್‌ಫೇಸ್ ಮುರಿಯುವುದಿಲ್ಲ ಎಂದು ಮಾತು ಕೊಡುತ್ತದೆಯೇ ಹೊರತು ಒಳಗಿನ ಎಪಿಐ (ಡ್ರೈವರ್‌ಗಳು ಬಳಸುವ ಕರೆಗಳು) ಸ್ಥಿರವಾಗಿರುತ್ತದೆ ಎಂದು ಎಂದೂ ಹೇಳಿಲ್ಲ. ಕರ್ನಲ್‌ನ ಸ್ವಂತ ದಸ್ತಾವೇಜುಗಳಲ್ಲೇ ಇದಕ್ಕೊಂದು ಪ್ರತ್ಯೇಕ ಬರಹವಿದೆ. ಟ್ರೀ ಒಳಗೆ ಬಳಕೆದಾರರಿಲ್ಲದ ಕೋಡ್ ಅನ್ನು ಯಾರೂ ಪರೀಕ್ಷಿಸುವುದಿಲ್ಲ. ನೀವು ಉಳಿಸಿಕೊಂಡ ಆ ಕವಲು ಮುಂದಿನ ಯಾವುದೋ ಬದಲಾವಣೆಯಲ್ಲಿ ಸದ್ದಿಲ್ಲದೆ ಕೆಟ್ಟುಹೋದರೆ, ಹೊರಗಿನ ಬಳಕೆದಾರರಿಗೆ ನೀವು ಮಾಡಿದ ಉಪಕಾರವೂ ಅಲ್ಲಿಗೇ ಮುಗಿಯಿತು.

ಐ2ಸಿ ವಿಭಾಗದಲ್ಲೇ ಒಂದು ಪೂರ್ವನಿದರ್ಶನವಿದೆ. ಸಾಧನ ಬಿಡುಗಡೆಯಾಗುವಾಗ ಕರ್ನಲ್ ಕರೆಯುವ ರಿಮೂವ್ ಕಾಲ್‌ಬ್ಯಾಕ್ ಹಿಂದೆ ಇಂಟ್ (ಪೂರ್ಣಾಂಕ) ಹಿಂದಿರುಗಿಸುತ್ತಿತ್ತು. ದೋಷಸಂಖ್ಯೆ ಹಿಂದಿರುಗಿಸಿದರೆ ಸಾಧನ ಬಿಡುಗಡೆಯಾಗುವುದು ನಿಲ್ಲುತ್ತದೆ ಎಂದು ಅನೇಕ ಡ್ರೈವರ್ ಬರೆದವರು ನಂಬಿದ್ದರು, ಆದರೆ ಅದು ನಿಲ್ಲುತ್ತಿರಲಿಲ್ಲ. ಅರ್ಧಕ್ಕೇ ಹೊರಬಂದ ಡ್ರೈವರ್‌ನ ಸಂಪನ್ಮೂಲಗಳು ಸೋರಿಹೋಗುತ್ತಿದ್ದವು. 6.1ರಲ್ಲಿ ಅದನ್ನು ವಾಯ್ಡ್ (ಏನನ್ನೂ ಹಿಂದಿರುಗಿಸದಂತೆ) ಮಾಡಲಾಯಿತು. ಹಳೆಯ ರೂಪದ ರಿಮೂವ್ ಕಾಲ್‌ಬ್ಯಾಕ್ ಇದ್ದ ಟ್ರೀ ಹೊರಗಿನ ಐ2ಸಿ ಡ್ರೈವರ್‌ಗಳೆಲ್ಲ ಅಂದು ಕಂಪೈಲ್ ಆಗದೆ ನಿಂತವು, ಆದರೂ ಆ ಬದಲಾವಣೆಯನ್ನು ಯಾರೂ ಹಿಂತೆಗೆದುಕೊಳ್ಳಲಿಲ್ಲ.

ಉತ್ತರ 2: ಬೋರ್ಡ್‌ಬ್ರಿಂಗಪ್

ತುಂಗಾತೀರ ಅವರು ಹೇಳಿದ ತತ್ತ್ವವನ್ನು ಒಪ್ಪುತ್ತೇನೆ, ಆದರೆ ಅವರು ಕೊಟ್ಟ ಉದಾಹರಣೆಯೇ ನಿಮ್ಮ ಪ್ರಕರಣ ಎಲ್ಲಿ ಭಿನ್ನವಾಗಿದೆ ಎಂಬುದನ್ನು ತೋರಿಸುತ್ತದೆ. ರಿಮೂವ್ ಕಾಲ್‌ಬ್ಯಾಕ್‌ನ ಟೈಪ್ ಬದಲಾದಾಗ ಕಂಪೈಲರ್ ತಾನಾಗಿಯೇ ಕೂಗಿಕೊಂಡಿತು. ಪ್ಲಾಟ್‌ಫಾರ್ಮ್ ಡೇಟಾ ಹಾಗಲ್ಲ. ಐ2ಸಿ ಬೋರ್ಡ್ ಮಾಹಿತಿಯಲ್ಲಿ ಅದು ಕೇವಲ ಒಂದು ವಾಯ್ಡ್ ಪಾಯಿಂಟರ್, ಅಂದರೆ ಟೈಪ್ ಇಲ್ಲದ ವಿಳಾಸ. ಹೊರಗಿನವರು ಆ ಸ್ಟ್ರಕ್ಚರ್ ಇರುವ ಹೆಡರ್ ಫೈಲ್‌ನ ಒಂದು ನಕಲನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರೆ, ನೀವು ಮೇನ್‌ಲೈನ್‌ನಿಂದ ಆ ಹೆಡರ್ ಅಳಿಸಿದ ನಂತರವೂ ಅವರ ಬೋರ್ಡ್ ಫೈಲ್ ಒಂದೇ ಒಂದು ಎಚ್ಚರಿಕೆಯಿಲ್ಲದೆ ಕಂಪೈಲ್ ಆಗುತ್ತದೆ, ಮತ್ತು ಡ್ರೈವರ್ ಆ ಪಾಯಿಂಟರ್ ಅನ್ನು ತಿರುಗಿಯೂ ನೋಡುವುದಿಲ್ಲ.

ಆಮೇಲೆ ಏನಾಗುತ್ತದೆ ನೋಡಿ. ಡಿಬೌನ್ಸ್ ಅವಧಿ (ಕೀ ಒತ್ತಿದಾಗಿನ ಅದುರುವಿಕೆ ನಿಲ್ಲುವವರೆಗೆ ಕಾಯುವ ಸಮಯ) ಸಿಗದಿದ್ದಾಗ ಡ್ರೈವರ್ ಪೂರ್ವನಿಗದಿತ ಮೌಲ್ಯವನ್ನು ತೆಗೆದುಕೊಳ್ಳುತ್ತದೆ. ರೀಸೆಟ್ ಜಿಪಿಐಒ (ಸಾಫ್ಟ್‌ವೇರ್ ನಿಯಂತ್ರಿಸುವ ಪಿನ್) ಅನ್ನು ಐಚ್ಛಿಕವೆಂದು ಕೇಳಿದ್ದರೆ ಅದು ಸಿಗದಿದ್ದರೂ ದೋಷ ಬರುವುದಿಲ್ಲ, ಚಿಪ್ ರೀಸೆಟ್ ಆಗದೆಯೇ ಮುಂದುವರಿಯುತ್ತದೆ. ಕೀಪ್ಯಾಡ್ ಕೆಲವು ಸಲ ಕೆಲಸ ಮಾಡುತ್ತದೆ, ಕೆಲವು ಸಲ ಇಲ್ಲ. ಕಂಪೈಲ್ ದೋಷಕ್ಕೆ ಒಂದು ಮಧ್ಯಾಹ್ನ ಸಾಕು; ಇಂಥದ್ದನ್ನು ಹುಡುಕಲು ಆಸಿಲೋಸ್ಕೋಪ್ ಬೇಕಾಗುತ್ತದೆ.

ಜಿಪಿಐಒ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹಳೆಯ ಸಂಖ್ಯಾಧಾರಿತ ಕರೆಗಳಲ್ಲಿ 1 ಎಂದರೆ ಪಿನ್‌ನ ವೋಲ್ಟೇಜ್ ಮೇಲಿರುವುದು ಎಂದಷ್ಟೇ. ಡಿಸ್ಕ್ರಿಪ್ಟರ್ ಕರೆಗಳಲ್ಲಿ 1 ಎಂದರೆ ಆ ಸಂಕೇತ ಸಕ್ರಿಯವಾಗಿದೆ ಎಂದರ್ಥ, ಆಕ್ಟಿವ್-ಲೋ ಎಂದು ಘೋಷಿಸಿದ್ದರೆ ಪಿನ್ ಕೆಳಗಿಳಿಯುತ್ತದೆ. ಬೋರ್ಡ್‌ನವರು ತಮ್ಮ ಲುಕಪ್ ಟೇಬಲ್‌ನಲ್ಲಿ (ಯಾವ ಸಾಧನಕ್ಕೆ ಯಾವ ಪಿನ್ ಎಂಬ ಪಟ್ಟಿ) ಆ ಫ್ಲ್ಯಾಗ್ ಬರೆಯಲು ಮರೆತರೆ ಚಿಪ್ ರೀಸೆಟ್ ಸ್ಥಿತಿಯಲ್ಲೇ ಉಳಿದು ಐ2ಸಿ ಬಸ್‌ನಲ್ಲಿ ಉತ್ತರಿಸುವುದೇ ಇಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು: ಧೈರ್ಯವಾಗಿ ತೆಗೆಯಿರಿ, ಆದರೆ ಸದ್ದು ಮಾಡಿ ತೆಗೆಯಿರಿ. ಕೀಮ್ಯಾಪ್‌ನಂಥ (ಯಾವ ಕೀಗೆ ಯಾವ ಸಂಕೇತ ಎಂಬ ಪಟ್ಟಿ) ಅತ್ಯಗತ್ಯ ಪ್ರಾಪರ್ಟಿ ಸಿಗದಿದ್ದರೆ ಪ್ರೋಬ್ ಸ್ಪಷ್ಟವಾದ ಸಂದೇಶದೊಂದಿಗೆ ವಿಫಲವಾಗಲಿ, ಊಹೆಯ ಮೌಲ್ಯದಿಂದ ಮುಂದೆ ಸಾಗದಿರಲಿ. ಪ್ಲಾಟ್‌ಫಾರ್ಮ್ ಡೇಟಾ ಪಾಯಿಂಟರ್ ಖಾಲಿಯಿಲ್ಲದಿದ್ದರೆ ದೋಷ ಹಿಂದಿರುಗಿಸುವ ನಾಲ್ಕು ಸಾಲುಗಳನ್ನೂ ಸೇರಿಸಬಹುದು.

ಉತ್ತರ 3: ತುಂಗಾತೀರ

ಆ ನಾಲ್ಕು ಸಾಲುಗಳಿಗೆ ನನ್ನ ವಿರೋಧವಿದೆ. ಟ್ರೀ ಒಳಗೆ ಯಾರೂ ಆ ಪಾಯಿಂಟರ್ ಕೊಡುವುದಿಲ್ಲವಾದ್ದರಿಂದ, ಅದು ಟ್ರೀ ಹೊರಗಿನವರಿಗಾಗಿಯೇ ಇರುವ ಕೋಡ್ ಆಗುತ್ತದೆ. ವಿಮರ್ಶಕರು ಮೊದಲು ಕೇಳುವುದೂ ಅದನ್ನೇ. ಅತ್ಯಗತ್ಯ ಪ್ರಾಪರ್ಟಿ ಇಲ್ಲದಿದ್ದರೆ ವಿಫಲವಾಗಬೇಕೆಂಬ ಮಾತು ಮಾತ್ರ ಪೂರ್ತಿ ಸರಿ. ಅದು ಡಿವೈಸ್ ಟ್ರೀ ಬರೆಯುವವರಿಗೂ ಉಪಯುಕ್ತ. ಅದೊಂದರಿಂದಲೇ ಬೋರ್ಡ್‌ಬ್ರಿಂಗಪ್ ಹೇಳಿದ ಅಪಾಯದ ಬಹುಪಾಲು ನಿವಾರಣೆಯಾಗುತ್ತದೆ.

ಉತ್ತರ 4: ಹಳೇ_ಆರ್ಮ್

ಹೊರಗಿನವರಿಗೆ ದಾರಿಯೇ ಇಲ್ಲವೆಂಬಂತೆ ಚರ್ಚೆ ಸಾಗುತ್ತಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಡ್ರೈವರ್ ತನ್ನ ಪ್ರಾಪರ್ಟಿಗಳನ್ನು ನೇರವಾಗಿ ಡಿವೈಸ್ ಟ್ರೀ ಕರೆಗಳಿಂದ ಓದದೆ, ಸಾಮಾನ್ಯ ಡಿವೈಸ್ ಪ್ರಾಪರ್ಟಿ ಕರೆಗಳಿಂದ ಓದುವಂತೆ ಮೊದಲು ಬದಲಾಯಿಸಿ. ಆಗ ಬೋರ್ಡ್ ಫೈಲ್ ಉಳಿಸಿಕೊಳ್ಳಲೇಬೇಕಾದವರು ಅದೇ ಪ್ರಾಪರ್ಟಿಗಳನ್ನು ಸಾಫ್ಟ್‌ವೇರ್ ನೋಡ್ (ಕೋಡ್‌ನಲ್ಲೇ ಬರೆದ ಪ್ರಾಪರ್ಟಿಗಳ ಪಟ್ಟಿ) ಆಗಿ ಬರೆದು ಐ2ಸಿ ಬೋರ್ಡ್ ಮಾಹಿತಿಗೆ ಜೋಡಿಸಬಹುದು. ಡ್ರೈವರ್‌ನಲ್ಲಿ ಉಳಿಯುವುದು ಒಂದೇ ದಾರಿ, ವಿವರ ಮಾತ್ರ ಎಲ್ಲಿಂದ ಬೇಕಾದರೂ ಬರಬಹುದು. ಸರಳತೆಗೂ ಹೊಂದಾಣಿಕೆಗೂ ಜಗಳ ಇದೆ ಎಂದುಕೊಳ್ಳುವ ಮೊದಲು ಇದನ್ನು ಪರಿಶೀಲಿಸಬೇಕಿತ್ತು.

ಈ ದಾರಿಯಿಂದ ಸಾಗಿಸಲಾಗದ ಒಂದೇ ಒಂದು ವಸ್ತು ಕಾಲ್‌ಬ್ಯಾಕ್. ಹಳೆಯ ಪ್ಲಾಟ್‌ಫಾರ್ಮ್ ಡೇಟಾದಲ್ಲಿ ವಿದ್ಯುತ್ ಹಾಯಿಸುವ ಫಂಕ್ಷನ್ ಪಾಯಿಂಟರ್ ಇರುವುದುಂಟು. ಪ್ರಾಪರ್ಟಿಯಲ್ಲಿ ಫಂಕ್ಷನ್ ಬರೆಯಲು ಬರುವುದಿಲ್ಲ. ನಿಮ್ಮ ಸ್ಟ್ರಕ್ಚರ್‌ನಲ್ಲೂ ಅದಿದ್ದರೆ, ಡ್ರೈವರ್ ರೆಗ್ಯುಲೇಟರ್ (ವಿದ್ಯುತ್ ಪೂರೈಕೆಯನ್ನು ನಿಯಂತ್ರಿಸುವ ಘಟಕ) ಕೇಳುವಂತೆ ಮಾಡಬೇಕು, ಬೋರ್ಡ್‌ನವರು ಸ್ಥಿರ ವೋಲ್ಟೇಜ್ ರೆಗ್ಯುಲೇಟರ್ ಒಂದನ್ನು ಘೋಷಿಸಬೇಕು. ಇದು ಅವರಿಗೆ ನಿಜವಾದ ಕೆಲಸ, ಅದನ್ನು ಅಲ್ಲಗಳೆಯುವಂತಿಲ್ಲ.

ಯೂಸರ್‌ಸ್ಪೇಸ್‌ಗೆ ಕಾಣುವ ಯಾವುದನ್ನೂ ಈ ನೆಪದಲ್ಲಿ ಮುಟ್ಟಬೇಡಿ. ಸಿಸ್‌ಎಫ್‌ಎಸ್ ಕಡತಗಳು (ಕರ್ನಲ್ ಸಾಧನಗಳ ವಿವರ ತೋರಿಸುವ ಕಡತಗಳು), ಇನ್‌ಪುಟ್ ಸಾಧನದ ಹೆಸರು, ಕೀಕೋಡ್‌ಗಳು ಇದ್ದ ಹಾಗೆಯೇ ಇರಲಿ.

ಇಂಥ ಬದಲಾವಣೆ ಹಳೆಯ ಸ್ಟೇಬಲ್ ಸರಣಿಗಳಿಗೆ ಹೋಗುವುದಿಲ್ಲವಾದ್ದರಿಂದ, 6.6ರ ಮೇಲೆ ಉತ್ಪನ್ನ ನಡೆಸುತ್ತಿರುವವರಿಗೆ ಇಂದು ಯಾವ ತೊಂದರೆಯೂ ಇಲ್ಲ. ಅವರು ಮುಂದಿನ ದೀರ್ಘಾವಧಿ ಆವೃತ್ತಿಗೆ ಜಿಗಿಯುವ ದಿನ ಕೀಪ್ಯಾಡ್ ನಿಂತು, ಆ ಫೈಲ್‌ನ ಗಿಟ್ ಲಾಗ್ ತೆರೆಯುತ್ತಾರೆ. ಆಗ ಅವರಿಗೆ ಸಿಗುವುದು ನಿಮ್ಮ ಕಮಿಟ್ ಸಂದೇಶ ಮಾತ್ರ. ಸ್ಟ್ರಕ್ಚರ್‌ನ ಯಾವ ಸದಸ್ಯಕ್ಕೆ ಯಾವ ಪ್ರಾಪರ್ಟಿ ಸಮ ಎಂಬುದನ್ನು ಅದರಲ್ಲೇ ಬರೆಯಿರಿ, ರೀಸೆಟ್ ಪಿನ್ ಆಕ್ಟಿವ್-ಲೋ ಎಂಬುದನ್ನೂ ಸೇರಿಸಿ.

ಪ್ರಶ್ನಿಸಿದವರ ಮರುಮಾತು: ಕೀಪ್ಯಾಡ್_ಕೋಡಿಗ

ಧನ್ಯವಾದಗಳು. ಸ್ಟ್ರಕ್ಚರ್‌ನಲ್ಲಿ ಕಾಲ್‌ಬ್ಯಾಕ್ ಇಲ್ಲ, ಜಿಪಿಐಒ ಸಂಖ್ಯೆ ಮಾತ್ರ ಇದೆ. ಪ್ರಾಪರ್ಟಿ ಕರೆಗಳಿಗೆ ಬದಲಾಯಿಸುವುದನ್ನು ಮೊದಲ ಪ್ಯಾಚ್ ಆಗಿಯೂ, ಜಿಪಿಐಒ ಡಿಸ್ಕ್ರಿಪ್ಟರ್‌ಗೆ ಹೋಗುವುದನ್ನು ಎರಡನೆಯದಾಗಿಯೂ, ಹೆಡರ್ ಅಳಿಸುವುದನ್ನು ಕೊನೆಯದಾಗಿಯೂ ಬೇರ್ಪಡಿಸಿ ಕಳುಹಿಸುತ್ತೇನೆ. ಪಾಯಿಂಟರ್ ಪರೀಕ್ಷಿಸುವ ಸಾಲುಗಳನ್ನು ಸೇರಿಸುವುದಿಲ್ಲ. ಮೇಂಟೇನರ್ ಕೇಳಿದರೆ ಆಗ ನೋಡೋಣ.