ಪದಚರ್ಚೆ: ಟೈರಿನ ರಬ್ಬರ್ ಡಾಂಬರಿನಲ್ಲಿ ‘ಕರಗುತ್ತದೆ’ ಎನ್ನಬಹುದೇ?

ಗೆಳೆಯರೇ, ನಮಸ್ಕಾರ.

ಹಳೇ ಟೈರಿನ ರಬ್ಬರನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಕುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ರಸ್ತೆ ಕೆಲಸದ ಮೇಸ್ತ್ರಿಗಳು, ಪ್ಲಾಂಟಿನಲ್ಲಿ ದುಡಿಯುವವರು. ಎರಡು ಮೂರು ಪದಗಳ ಹತ್ತಿರ ಕೆಲಸ ನಿಂತಿದೆ.

ಮೊದಲನೆಯದು ‘ಕರಗು’. ‘ಟೈರ್ ಕರಗಿಸಿ ರಸ್ತೆ’ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅಲ್ಲಿ ನಡೆಯುವುದು ಅದಲ್ಲ. ಟೈರಿನ ರಬ್ಬರನ್ನು ಕಾರ್ಖಾನೆಯಲ್ಲೇ ಗಂಧಕ ಸೇರಿಸಿ ಬೇಯಿಸಿರುತ್ತಾರೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ದಾರಿ ಇದು. ಹಾಗೆ ಬೆಂದ ರಬ್ಬರ್ ಕಾಯಿಸಿದರೆ ಸುಲಭಕ್ಕೆ ಕರಗುವುದಿಲ್ಲ. ಅದಕ್ಕೇ ಟೈರನ್ನು ಚೂರು ಮಾಡಿ, ಉಕ್ಕಿನ ತಂತಿ, ನೂಲು ಎಲ್ಲ ತೆಗೆದು, ಸಣ್ಣಗೆ ಅರೆಯುತ್ತಾರೆ. ಅದನ್ನು 175ರಿಂದ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಡಾಂಬರಿಗೆ ಸುರಿದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ತಿರುವುತ್ತಾರೆ. ರಬ್ಬರಿನ ಕಾಳು ಡಾಂಬರಿನಲ್ಲಿರುವ ಹಗುರ ಎಣ್ಣೆಯನ್ನು ಹೀರಿಕೊಂಡು ದಪ್ಪಗಾಗುತ್ತದೆ. ಸಬ್ಬಕ್ಕಿ ಪಾಯಸ ಇದ್ದಹಾಗೆ: ಕಾಳು ಉಬ್ಬುತ್ತದೆ, ಸುತ್ತಲಿನ ಹಾಲು ಮಂದವಾಗುತ್ತದೆ, ಕಾಳು ಮಾತ್ರ ಕಾಳಾಗಿಯೇ ಉಳಿಯುತ್ತದೆ.

ಇಷ್ಟಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ ಎನ್ನಬೇಡಿ. ‘ಕರಗಬೇಕು’ ಎಂದು ಓದಿದವನು ಟ್ಯಾಂಕಿನಲ್ಲಿ ಕಾಳು ಕಂಡರೆ ಏನು ಮಾಡುತ್ತಾನೆ? ಇನ್ನೂ ಆಗಿಲ್ಲ ಅಂತ ಬೆಂಕಿ ಜಾಸ್ತಿ ಮಾಡುತ್ತಾನೆ. ಶಾಖ ಮಿತಿಮೀರಿದರೆ, ಇಲ್ಲವೇ ತುಂಬಾ ಹೊತ್ತು ಕಾಯಿಸಿದರೆ ರಬ್ಬರ್ ಒಡೆದುಹೋಗಿ ಡಾಂಬರು ಮತ್ತೆ ತೆಳ್ಳಗಾಗುತ್ತದೆ. ಬೆರೆಸಿದ್ದೇ ದಂಡ.

ಹಾಗಾಗಿ ನನ್ನ ಒಲವು ‘ಉಬ್ಬು’ ಕಡೆಗೆ. ‘ಊದಿಕೊಳ್ಳು’ ಎಂದರೆ ಪೆಟ್ಟಾದ ಕಾಲಿನ ನೆನಪು ಬರುತ್ತದೆ. ‘ನೆನೆ’ ಎಂದರೆ ನೀರು ಬೇಕು. ‘ಅರಳು’ ಕೇಳಲು ಚೆಂದ, ಆದರೆ ಅನ್ನಕ್ಕೆ ಒಗ್ಗಿದ ಹಾಗೆ ರಬ್ಬರಿಗೆ ಒಗ್ಗುವುದು ಕಷ್ಟ.

ಈ ನೀರಿನ ಮಾತೇ ಇನ್ನೊಂದು ಕಡೆ ಕಾಡುತ್ತಿದೆ. ರಬ್ಬರನ್ನು ಮೊದಲೇ ಡಾಂಬರಿಗೆ ಸೇರಿಸುವುದನ್ನು ‘ವೆಟ್ ಪ್ರೋಸೆಸ್’ ಅನ್ನುತ್ತಾರೆ, ಜಲ್ಲಿಯ ಜೊತೆ ಹಾಕುವುದನ್ನು ‘ಡ್ರೈ’. 1960ರ ದಶಕದಲ್ಲಿ ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಎಂಜಿನಿಯರ್ ಚಾರ್ಲ್ಸ್ ಮೆಕ್‌ಡೊನಾಲ್ಡ್ ರಸ್ತೆ ತೇಪೆಗೆಂದು ಶುರುಮಾಡಿದ್ದು ಮೊದಲನೆಯ ಬಗೆ. ಅದನ್ನು ‘ಹಸಿ ವಿಧಾನ’ ಎಂದುಬಿಟ್ಟರೆ, ಯಾರಾದರೂ ಒದ್ದೆ ರಬ್ಬರನ್ನೇ ತಂದು ಸುರಿದಾರು! ಕಾದ ಡಾಂಬರಿಗೆ ನೀರು ಬಿದ್ದರೆ ಬುಸ್ಸೆಂದು ನೊರೆಯೆದ್ದು ಉಕ್ಕುತ್ತದೆ, ಮೈಕೈ ಸುಡುತ್ತದೆ. ‘ಡಾಂಬರಿಗೆ ಬೆರೆಸುವ ಬಗೆ’, ‘ಜಲ್ಲಿಗೆ ಬೆರೆಸುವ ಬಗೆ’ ಎಂದು ಬಿಡಿಸಿ ಬರೆಯುವುದೇ ಮೇಲು ಅಲ್ವಾ?

ಅರೆದ ರಬ್ಬರನ್ನು ‘ಪುಡಿ’ ಎನ್ನಬೇಕೇ ಎಂಬ ಬಗ್ಗೆ ಹೆಚ್ಚು ಚರ್ಚೆ ಬೇಡ. ಕೈಗೆ ತರಿತರಿಯಾಗಿ ಸಿಗುತ್ತದೆ, ‘ರಬ್ಬರ್ ತರಿ’ ಎಂದೇ ಬರೆದಿದ್ದೇನೆ.

ನಿಜವಾಗಿ ಬಗೆಹರಿಯದೆ ಉಳಿದದ್ದು ‘ಡಾಂಬರು’. ಅಮೆರಿಕದ ತಾಂತ್ರಿಕ ಬರಹಗಳಲ್ಲಿ ‘ಆಸ್ಫಾಲ್ಟ್’ ಎಂದರೆ ಹೆಚ್ಚಾಗಿ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟು. ಬ್ರಿಟನ್ನಿನವರಿಗೆ ಅಂಟು ಎಂದರೆ ಬಿಟುಮಿನ್, ‘ಆಸ್ಫಾಲ್ಟ್’ ಎಂದರೆ ಜಲ್ಲಿ ಸೇರಿದ ಮಿಶ್ರಣ. ನಾವು ‘ಡಾಂಬರು ಕಾಯಿಸು’ ಎಂದಾಗ ಅಂಟು, ‘ಡಾಂಬರು ಹಾಕಿದ್ದಾರೆ’ ಎಂದಾಗ ಇಡೀ ಪದರ. ಮಾತಿನಲ್ಲಿ ಇದು ನಡೆಯುತ್ತದೆ, ಲೆಕ್ಕದಲ್ಲಿ ನಡೆಯುವುದಿಲ್ಲ. ‘ಡಾಂಬರಿನಲ್ಲಿ ಶೇ. 15 ರಬ್ಬರ್’ ಎಂದು ಬರೆದೆ ಎನ್ನಿ. ಒಂದು ಟನ್ ಮಿಶ್ರಣದಲ್ಲಿ ಅಂಟು ಇರುವುದು ಸುಮಾರು 50 ಕಿಲೋ. ಅದರ ಶೇ. 15 ಎಂದರೆ ಏಳೂವರೆ ಕಿಲೋ. ಇಡೀ ಮಿಶ್ರಣದ್ದು ಎಂದುಕೊಂಡವನು 150 ಕಿಲೋ ತೂಗಿ ಇಟ್ಟಿರುತ್ತಾನೆ.

ಅಂಟಿಗೆ ‘ಬಿಟುಮಿನ್’ ಎಂದೇ ಇಡೋಣವೇ? ಗುತ್ತಿಗೆದಾರರ ಬಾಯಲ್ಲಿ ಅದು ಆಗಲೇ ಇದೆ. ಜಲ್ಲಿ ಕಲಸಿದ್ದಕ್ಕೆ, ಗಾರೆಯವರು ಅನ್ನುವ ‘ಮಾಲು’ ಡಾಂಬರಿನ ಕೆಲಸದಲ್ಲೂ ನಡೆಯುತ್ತದಾ? ನಿಮ್ಮ ಕಡೆ, ಮುಖ್ಯವಾಗಿ ಕಲಬುರಗಿ, ಬೆಳಗಾವಿ ಸೀಮೆಯಲ್ಲಿ, ಕೆಲಸಗಾರರು ಏನನ್ನುತ್ತಾರೆ ಎಂದು ಕೇಳಿ ತಿಳಿಸುತ್ತೀರಾ?