ರಸದಾನಿ ಅಂದರೆ ಖಾಲಿ ಜಾಗವಾ? ಮಗಳಿಗೆ ಹೇಗೆ ತಿಳಿಸಲಿ, ಅನುಭವ ಇದ್ದವರು ಹೇಳಿ

ಕೇಳಿದವರು: ಶಿರಸಿ ಹತ್ತಿರದ ಒಬ್ಬ ತಾಯಿ

ಮಗಳು ಒಂಬತ್ತನೇ ತರಗತಿ. ಸಸ್ಯ ಜೀವಕೋಶದ ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ರಸದಾನಿ ಬಂದಾಗ ಮಾತ್ರ ನಡುವೆ ದೊಡ್ಡ ಸುತ್ತು ಹಾಕಿ ಬಿಟ್ಟುಬಿಡುತ್ತಾಳೆ. "ಅಮ್ಮಾ, ಇದು ಖಾಲಿ ಜಾಗ ಅಲ್ವಾ?" ಅಂತಾಳೆ. ನಾನು ಓದಿದ್ದು ಕಾಮರ್ಸ್. ಮನೆಯಲ್ಲೇ ಏನಾದರೂ ತೋರಿಸಿ ತಿಳಿಸಬಹುದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿಯ ಹೈಸ್ಕೂಲ್ ವಿಜ್ಞಾನ ಶಿಕ್ಷಕ

ತಂಗಿ, ಇದರಲ್ಲಿ ಮಗಳ ತಪ್ಪಿಲ್ಲ. ರಸದಾನಿಗೆ ಇಂಗ್ಲಿಷಿನಲ್ಲಿ 'ವ್ಯಾಕ್ಯೂಲ್' ಅಂತಾರೆ. 1841ರಲ್ಲಿ ಫ್ರಾನ್ಸಿನ ಫೆಲಿಕ್ಸ್ ದುಜಾರ್ದಾಂ ಏಕಕೋಶ ಜೀವಿಗಳಲ್ಲಿ ಕಂಡದ್ದಕ್ಕೆ ಆ ಹೆಸರಿಟ್ಟರು. ಆ ಪದದ ಲ್ಯಾಟಿನ್ ಮೂಲಕ್ಕೆ 'ಖಾಲಿ' ಅಂತಲೇ ಅರ್ಥ. ನಾನೂ ಮೊದಲ ವರ್ಷಗಳಲ್ಲಿ ಬೋರ್ಡಿನ ಮೇಲೆ ಖಾಲಿ ಸುತ್ತನ್ನೇ ಬಿಡಿಸುತ್ತಿದ್ದೆ, ಮಕ್ಕಳು ಅದನ್ನೇ ನಂಬುತ್ತಿದ್ದರು. ಕನ್ನಡದ ಹೆಸರೇ ಸರಿಯಾಗಿದೆ. ಹೂದಾನಿಯಲ್ಲಿ ಹೂವು, ರಸದಾನಿಯಲ್ಲಿ ರಸ.

ಬೇಸಿಗೆಯಲ್ಲಿ ಮಾವಿನ ಮಿಡಿ ಹಾಕಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡಿ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ಹನಿ ನೀರು ಹಾಕಿರುವುದಿಲ್ಲ. ಆದರೂ ಕೆಲವು ದಿನಕ್ಕೆ ಮಿಡಿ ಮುರುಟಿ, ಭರಣಿಯಲ್ಲಿ ನೀರು ನಿಂತಿರುತ್ತದೆ. ಆ ನೀರು ಎಲ್ಲಿಂದ ಬಂತು ಅಂತ ಮಗಳನ್ನೇ ಕೇಳಿ. ಬಲಿತ ಸಸ್ಯಕೋಶದಲ್ಲಿ ಶೇಕಡಾ 80–90 ಭಾಗ ಜಾಗ ರಸದಾನಿಯದೇ ಇರಬಹುದು. ಉಪ್ಪು ಎಳೆದದ್ದು ಹೆಚ್ಚಾಗಿ ಅಲ್ಲಿನ ನೀರನ್ನು.

ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ರಿಯೋ ಎಲೆ ಒಯ್ಯಲಿ. ಅಂಗಳದ ಕುಂಡಗಳಲ್ಲಿ ಇರುತ್ತದೆ, ಎಲೆಯ ಅಡಿಭಾಗ ನೇರಳೆ. ಆ ನೇರಳೆ ಸಿಪ್ಪೆಯನ್ನು ತೆಳ್ಳಗೆ ಸುಲಿದು ನೋಡಿದರೆ ಕೋಶದ ತುಂಬ ಬಣ್ಣ. ಒಂದು ಹನಿ ಉಪ್ಪುನೀರು ಬಿಟ್ಟು ಸ್ವಲ್ಪ ಕಾಯಬೇಕು. ಬಣ್ಣ ನಿಧಾನವಾಗಿ ಗೋಡೆ ಬಿಟ್ಟು ನಡುವೆ ಮುದ್ದೆಯಾಗುತ್ತದೆ. ತಡಮಾಡದೆ ಸಿಹಿನೀರು ಬಿಟ್ಟರೆ ಮತ್ತೆ ಉಬ್ಬುತ್ತದೆ. ನಾನು ಎಷ್ಟು ಸಲ ತೋರಿಸಿದ್ದರೂ ಈ ಹೊತ್ತಿಗೆ ಮಕ್ಕಳ ಮುಖ ನೋಡಲು ಕಾಯುತ್ತೇನೆ.

ಗಿಡ ಬಾಡುವುದೂ ಇದೇ. ರಸದಾನಿ ತುಂಬಿದ್ದರೆ ಕೋಶ ಒಳಗಿಂದ ಗೋಡೆಯನ್ನು ಒತ್ತುತ್ತದೆ, ಎಲೆ ಬಿಗಿಯಾಗಿ ನಿಲ್ಲುತ್ತದೆ. ನೀರು ಇಳಿದರೆ ಎಲೆ ಜೋಲುತ್ತದೆ. ಮುಟ್ಟಿದರೆ ಮುನಿ ಮಡಚಿಕೊಳ್ಳುವಾಗ ಎಲೆಯ ಬುಡದ ಕೋಶಗಳಿಂದ ನೀರು ಸರ್ರನೆ ಹೊರಗೆ ಹೋಗುತ್ತದೆ, ಅಷ್ಟೆ.

ಕುಮಟಾದಿಂದ ಒಬ್ಬ ಗೃಹಿಣಿ

ಅಕ್ಕಾ, ನಾನು ಮಗನಿಗೆ ಕೆಂಪು ಹರಿವೆಯಲ್ಲಿ ತೋರಿಸಿದ್ದೆ. ಎಲೆ ಹೆಚ್ಚಿ, ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆಯಿರಿ. ಕತ್ತಿ ತಾಗಿ ಒಡೆದ ಕೋಶಗಳ ಬಣ್ಣ ಹೋಗಬೇಕು, ಇದನ್ನು ಬಿಡಬೇಡಿ. ಆಮೇಲೆ ಅರ್ಧ ತಣ್ಣೀರಿಗೆ, ಅರ್ಧ ಕುದಿಯುವ ನೀರಿಗೆ. ತಣ್ಣೀರು ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಬಿಸಿನೀರು ನೋಡನೋಡುತ್ತಾ ಕೆಂಪಾಗುತ್ತದೆ. ಬಣ್ಣ ಇರುವುದು ರಸದಾನಿಯಲ್ಲಿ. ಅದರ ಸುತ್ತ ಒಂದೇ ಪದರದ ಪೊರೆ, ಟೋನೋಪ್ಲಾಸ್ಟ್. ಬಿಸಿಗೆ ಪೊರೆ ಕೆಡುತ್ತದೆ, ಬಣ್ಣ ಹೊರಗೆ ಬರುತ್ತದೆ.

ನಿಂಬೆಹಣ್ಣಿನ ಹುಳಿಯೂ ರಸದಾನಿಯೊಳಗಿನದೇ. ಅಷ್ಟು ಹುಳಿ ರಸದಾನಿಯ ಹೊರಗಿನ ಕೋಶದ್ರವ್ಯಕ್ಕೆ ಸೇರಿದರೆ ಕೋಶವೇ ಉಳಿಯುವುದಿಲ್ಲ. ಅದನ್ನು ಒಳಗೇ ಹಿಡಿದಿಡುವುದು ಆ ತೆಳ್ಳನೆ ಪೊರೆ.

ಕಾರವಾರದ ಎಂ.ಎಸ್ಸಿ. ವಿದ್ಯಾರ್ಥಿ

ರಸದಾನಿ ಗಿಡದಲ್ಲಿ ಮಾತ್ರ ಅಂತ ಬರೆಯಲು ಬಿಡಬೇಡಿ. ಪ್ರಾಣಿಕೋಶದಲ್ಲೂ ಇರುತ್ತವೆ, ಚಿಕ್ಕವು. ಅಮೀಬಾ ತಿಂದದ್ದನ್ನು ಆಹಾರ ರಸದಾನಿಯಲ್ಲಿಟ್ಟು ಅರಗಿಸುತ್ತದೆ. ಕೆರೆನೀರಿನ ಪ್ಯಾರಮೀಸಿಯಂನಲ್ಲಿ ಸಾಮಾನ್ಯವಾಗಿ ಎರಡು ಸಂಕುಚನ ರಸದಾನಿಗಳು. ಒಳಗೆ ನುಗ್ಗುವ ನೀರನ್ನು ತುಂಬಿಕೊಂಡು ಆಗಾಗ ಹೊರಗೆ ಚೆಲ್ಲುತ್ತವೆ. ಇಲ್ಲದಿದ್ದರೆ ಜೀವಿ ಉಬ್ಬಿ ಒಡೆಯುತ್ತದೆ.

ನಮ್ಮ ಕಾಳಿ ನದಿಯ ಅಳಿವೆ ಹತ್ತಿರದ ಕಾಂಡ್ಲಾ ಗಿಡಗಳನ್ನೂ ತೋರಿಸಿ. ಉಪ್ಪುನೀರಿನಲ್ಲೇ ಬೇರು. ಒಳಗೆ ಬಂದ ಉಪ್ಪಿನಲ್ಲಿ ಒಂದಷ್ಟನ್ನು ರಸದಾನಿಗೆ ತಳ್ಳಿ ಉಳಿದ ಕೋಶವನ್ನು ಕಾಪಾಡಿಕೊಳ್ಳುತ್ತವೆ.

ಇನ್ನೊಂದು. ಯೀಸ್ಟಿನ ರಸದಾನಿ ತನ್ನ ಕೋಶದ ಹಳೆಯ ಭಾಗಗಳನ್ನೇ ಒಡೆದು ಮತ್ತೆ ಬಳಕೆಗೆ ಕೊಡುತ್ತದೆ. ಅದನ್ನು ನೋಡುತ್ತಾ ಶುರು ಮಾಡಿದ ಕೆಲಸಕ್ಕೇ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಖಾಲಿ ಜಾಗ ನೋಡಿದ್ದಕ್ಕೆ ಬಂದದ್ದಲ್ಲ ಅಂತ ಮಗಳಿಗೆ ಹೇಳಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹರಿವೆ ಮಾಡಿದೆವು. ಬಿಸಿ ಪಾತ್ರೆಯ ಎಲೆ ಕಡೆಗೆ ಬರೀ ಹಸಿರಾಗಿ ಕಂಡಿತು. ಮಗಳು ಅದನ್ನು ಚಮಚದಲ್ಲಿ ಎತ್ತಿ, "ಹಸಿರು ಯಾಕೆ ಹೋಗಲಿಲ್ಲ?" ಅಂದಳು. ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆ ತಂದಿದ್ದರು. ಅದರ ತುರಿಕೆಯೂ ರಸದಾನಿಯದಾ ಅಂತ ಕೇಳುತ್ತಿದ್ದಾಳೆ.

ಶಿಕ್ಷಕ

ಎರಡೂ ಒಳ್ಳೆಯ ಪ್ರಶ್ನೆ. ಹಸಿರು ಇರುವುದು ಕ್ಲೋರೋಪ್ಲಾಸ್ಟಿನಲ್ಲಿ, ಅದು ನೀರಿನಲ್ಲಿ ಕರಗುವುದಿಲ್ಲ. ರಸದಾನಿಯ ಕೆಂಪು ಕರಗುತ್ತದೆ. ಕೆಸುವಿನ ಕೆಲವು ಕೋಶಗಳ ರಸದಾನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಕಟ್ಟುಕಟ್ಟಾಗಿ ಇರುತ್ತವೆ. ಹಸಿ ಎಲೆ ಕಚ್ಚಿದರೆ ಗಂಟಲಿಗೆ ಚುಚ್ಚುವುದು ಅವೇ. ಅದಕ್ಕೇ ಅಜ್ಜಿ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು. ಮಗಳು ಕೆಸುವಿನ ಆ ಕೋಶ ಬಿಡಿಸುವುದಾದರೆ ಸುತ್ತಿನೊಳಗೆ ಸೂಜಿಗಳ ಕಟ್ಟನ್ನೂ ಬಿಡಿಸಲಿ, ಹೆಸರು ಬರೆಯಲಿ.