ಕ್ರೈಸಿಸ್ ಕೇರ್ ಟ್ರೇನಿಂಗ್: ಯಾವುದು ಮಾಡಿದ್ರಿ, ಯಾವುದು ಕೆಲಸಕ್ಕೆ ಬಂತು?

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಒಂದು ಜನರಲ್ ಆಸ್ಪತ್ರೆಗೆ ಸೇರಿದ್ದೇನೆ. ಎಮರ್ಜೆನ್ಸಿಗೆ ಆತ್ಮಹತ್ಯೆಗೆ ಯತ್ನಿಸಿದವರು ಬರುತ್ತಾರೆ, ಕುಡಿತ ನಿಲ್ಲಿಸಿ ನಡುಗುತ್ತಿರುವವರು ಬರುತ್ತಾರೆ, ಗಾಬರಿಯಲ್ಲಿ ಕೂಗಾಡುವವರೂ ಬರುತ್ತಾರೆ. "ನೀವೇ ಹೋಗಿ ಮಾತಾಡಿ" ಅಂತ ನನ್ನನ್ನು ಕಳಿಸುತ್ತಾರೆ. ಕಾಲೇಜಿನಲ್ಲಿ ಓದಿದ್ದು ಇಲ್ಲಿ ಸಾಲುತ್ತಿಲ್ಲ. ಹುಡುಕಿದರೆ ಲೆಕ್ಕವಿಲ್ಲದಷ್ಟು ಕೋರ್ಸ್‌ಗಳು, ಎಲ್ಲರೂ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುತ್ತಾರೆ. ದುಡ್ಡೂ ಕಡಿಮೆ, ರಜೆಯೂ ಕಡಿಮೆ. ಯಾವುದರಿಂದ ಶುರು ಮಾಡಲಿ? ಯಾವುದು ಸುಮ್ನೆ ಟೈಮ್ ವೇಸ್ಟ್? ನೀವು ಮಾಡಿದ್ದನ್ನೇ ಹೇಳಿ, ಪ್ಲೀಸ್.

ಸಹಾಯವಾಣಿ ಕೌನ್ಸೆಲರ್:

ಕೋರ್ಸಿನ ಹೆಸರು ಆಮೇಲೆ ನೋಡಿ. ನಡೆಸುವವರಿಗೆ ಮೊದಲು ಇಷ್ಟು ಕೇಳಿ: ಇದರಲ್ಲಿ ನಾನು ಬಾಯಿಬಿಟ್ಟು ಮಾತಾಡುವುದು ಎಷ್ಟು ಹೊತ್ತು, ಸ್ಲೈಡ್ ನೋಡುತ್ತಾ ಕೂರುವುದು ಎಷ್ಟು ಹೊತ್ತು? ಉತ್ತರ ಕೊಡಲು ತಡವರಿಸಿದರೆ ಬಿಟ್ಟುಬಿಡಿ.

ನನಗೆ ನಿಜಕ್ಕೂ ಕೆಲಸಕ್ಕೆ ಬಂದದ್ದು ಅಸಿಸ್ಟ್, ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗೆ ನೆರವಾಗುವುದನ್ನು ಕಲಿಸುವ ತರಬೇತಿ. ಕೆನಡಾದಲ್ಲಿ ಶುರುವಾದದ್ದು, ಈಗ ಲಿವಿಂಗ್‌ವರ್ಕ್ಸ್ ಸಂಸ್ಥೆ ಹಲವು ದೇಶಗಳಲ್ಲಿ ನಡೆಸುತ್ತದೆ. ಎರಡು ದಿನದ ವರ್ಕ್‌ಶಾಪ್, ಅದರಲ್ಲಿ ಬಹುಪಾಲು ಅಭ್ಯಾಸವೇ. ಒಬ್ಬರು ಕಷ್ಟದಲ್ಲಿರುವವರ ಪಾತ್ರ ಮಾಡುತ್ತಾರೆ, ಇನ್ನೊಬ್ಬರು ಮಾತಾಡಿಸುತ್ತಾರೆ, ಉಳಿದವರು ನೋಡುತ್ತಾರೆ. ಅಲ್ಲಿ "ಸಾಯಬೇಕು ಅಂತ ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಬೇಕು. ಬರೆದುಕೊಳ್ಳುವಾಗ ಇದು ಸುಲಭ ಅನ್ನಿಸುತ್ತದೆ. ನಮ್ಮ ಬ್ಯಾಚ್‌ನಲ್ಲಿ ಒಬ್ಬ ಹಿರಿಯ ಡಾಕ್ಟರು ಇದ್ದರು, ಅವರ ಸರದಿ ಬಂದಾಗ "ಅಂಥ ಯೋಚನೆ ಏನೂ ಇಲ್ಲ ತಾನೇ?" ಅಂದರು. ಟ್ರೇನರ್ ಅಲ್ಲೇ ತಡೆದರು. "ಸರ್, ಇಲ್ಲ ತಾನೇ ಅಂದರೆ ಅವರು ಇಲ್ಲ ಅಂತಲೇ ಹೇಳುತ್ತಾರೆ. ನಿಮಗೆ ಬೇಕಾದ ಉತ್ತರ ನೀವೇ ಕೊಟ್ಟುಬಿಟ್ಟಿರಿ" ಅಂದರು. ಆಮೇಲೆ ಅದೇ ಪ್ರಶ್ನೆಯನ್ನು ನಮ್ಮೆಲ್ಲರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದರು, ಧ್ವನಿ ನಡುಗದೆ, ಕಣ್ಣು ತಪ್ಪಿಸದೆ ಬರುವ ತನಕ. ಇಂಥದ್ದನ್ನು ಯಾವ ವಿಡಿಯೋ ಕಲಿಸುತ್ತದೆ ಹೇಳಿ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗೆ ಆಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಸಂಶೋಧನೆಗಳಲ್ಲಿ ಹಾಗೆ ಕಂಡುಬಂದಿಲ್ಲ. ಅಸಿಸ್ಟ್ ಬಗ್ಗೆಯೂ ಒಂದು ಒಳ್ಳೆಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಮೆರಿಕದ ಸಹಾಯವಾಣಿ ಕೇಂದ್ರಗಳಿಗೆ ಬಂದ ಕರೆಗಳನ್ನು ಕೇಳಿಸಿಕೊಂಡು ಮಾಡಿದ್ದು. ಈ ತರಬೇತಿ ಪಡೆದವರ ಜೊತೆ ಮಾತಾಡಿದವರು ಕರೆ ಮುಗಿಯುವ ಹೊತ್ತಿಗೆ ಉಳಿದವರಿಗಿಂತ ಸ್ವಲ್ಪ ಹಗುರಾಗಿ, ಸ್ವಲ್ಪ ಭರವಸೆಯಿಂದ ಇದ್ದರು ಅಂತ ಅದರಲ್ಲಿದೆ.

ಸಮುದಾಯ ಆರೋಗ್ಯದಲ್ಲಿರುವವರು:

ದುಡ್ಡಿಲ್ಲದೆ ಶುರು ಮಾಡಬೇಕು ಅಂದರೆ ಸೈಕಲಾಜಿಕಲ್ ಫಸ್ಟ್ ಏಡ್, ಅಂದರೆ ಸಂಕಟದಲ್ಲಿರುವವರಿಗೆ ಮೊದಲು ಕೊಡುವ ಮಾನಸಿಕ ಆಸರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಕೈಪಿಡಿ ಉಚಿತವಾಗಿ ಸಿಗುತ್ತದೆ, ನೋಡು, ಆಲಿಸು, ಜೋಡಿಸು ಅನ್ನೋ ಮೂರೇ ಹೆಜ್ಜೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರ ಕೋರ್ಸ್ ಕೋರ್ಸೆರಾ ಅನ್ನೋ ಆನ್‌ಲೈನ್ ತಾಣದಲ್ಲಿದೆ, ಅದೂ ಚೆನ್ನಾಗಿದೆ. ಎರಡನ್ನೂ ನಿಮ್ಮ ಪಾಡಿಗೆ ನೀವು ಮನೆಯಲ್ಲೇ ಮುಗಿಸಬಹುದು.

ಮೆಂಟಲ್ ಹೆಲ್ತ್ ಫಸ್ಟ್ ಏಡ್ ಅಂತ ಇನ್ನೊಂದಿದೆ, 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ ಬೇರೆ. ಇದು ಸಾಮಾನ್ಯ ಜನರಿಗಾಗಿ ಮಾಡಿದ್ದು. ಆತ್ಮಹತ್ಯೆಯ ಸೂಚನೆ ಗುರುತಿಸಿ ಸಹಾಯಕ್ಕೆ ಕಳಿಸುವುದನ್ನು ಕಲಿಸುವ ಕ್ಯೂಪಿಆರ್ ಕೂಡ ಅಷ್ಟೇ, ಒಂದೆರಡು ಗಂಟೆಯದು. ಎಂಎಸ್‌ಡಬ್ಲ್ಯು ಮಾಡಿದವರಿಗೆ ಇವುಗಳಲ್ಲಿ ಹೊಸದು ಜಾಸ್ತಿ ಸಿಗುವುದಿಲ್ಲ. ಆದರೆ ನಿಮ್ಮ ಆಸ್ಪತ್ರೆಯ ಸೆಕ್ಯುರಿಟಿಯವರಿಗೆ, ರಿಸೆಪ್ಷನ್‌ನಲ್ಲಿ ಕೂರುವವರಿಗೆ ಮಾಡಿಸಿ ನೋಡಿ. ರೋಗಿ ನಿಮ್ಮ ಹತ್ತಿರ ಬರುವ ಮೊದಲು ಮಾತಾಡುವುದು ಅವರ ಹತ್ತಿರ ಅಲ್ವಾ?

ಸೈಕಿಯಾಟ್ರಿ ವಾರ್ಡ್ ನರ್ಸ್:

ಕೂಗಾಡುವವರ ವಿಷಯ ಕೇಳಿದ್ದೀರಿ, ಅದಕ್ಕೆ ಡೀ-ಎಸ್ಕಲೇಷನ್ (ಉದ್ವೇಗ ಇಳಿಸುವ) ತರಬೇತಿ ಅಂತಲೇ ಬೇರೆ ಇದೆ. ಮಾಡುವುದಾದರೆ ಜಾಗದಲ್ಲಿ ನಿಂತು ಕಲಿಸುವಂಥದ್ದನ್ನೇ ಮಾಡಿ. ಎಷ್ಟು ದೂರ ನಿಲ್ಲಬೇಕು, ಕೈ ಎಲ್ಲಿರಬೇಕು, ಬಾಗಿಲಿಗೆ ನೀವು ಅಡ್ಡ ನಿಂತಿದ್ದೀರಾ, ಇದೆಲ್ಲ ಮೈಗೆ ರೂಢಿಯಾಗಬೇಕು. ನಮಗೆ ಹೇಳಿಕೊಟ್ಟಿದ್ದರಲ್ಲಿ ದಿನಾ ಉಪಯೋಗಕ್ಕೆ ಬರುವುದು ಒಂದೇ ನಿಯಮ: ಮಾತಾಡುವುದು ಒಬ್ಬರೇ. ಸುತ್ತ ಐದಾರು ಜನ ನಿಂತು ಒಬ್ಬರು "ಕೂತ್ಕೊಳ್ಳಿ", ಇನ್ನೊಬ್ಬರು "ಶಾಂತವಾಗಿರಿ", ಮತ್ತೊಬ್ಬರು "ಏನಾಯ್ತು" ಅಂದರೆ ಎಂಥವರಿಗೂ ತಲೆ ಕೆಡುತ್ತದೆ. "ಶಾಂತವಾಗಿರಿ" ಅಂದದ್ದಕ್ಕೆ ಯಾರೂ ಶಾಂತವಾದದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು ಮಾತು, ಇದು ಮುಖ್ಯ. ಎಮರ್ಜೆನ್ಸಿಯಲ್ಲಿ ಕಾಣುವುದೆಲ್ಲ ಮನಸ್ಸಿನ ತೊಂದರೆ ಆಗಿರಬೇಕಿಲ್ಲ. ಶುಗರ್ ಇಳಿದವರು, ತಲೆಗೆ ಪೆಟ್ಟು ಬಿದ್ದವರು, ಸೋಂಕಿನ ಜ್ವರದಲ್ಲಿ ಗೊಂದಲಕ್ಕೊಳಗಾದ ವಯಸ್ಸಾದವರು, ಎಲ್ಲರೂ ಹುಚ್ಚುಹುಚ್ಚಾಗಿ ಆಡಬಹುದು. ಕುಡಿತ ನಿಲ್ಲಿಸಿ ನಡುಗುತ್ತಿರುವವರಿಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ಅವರ ಹತ್ತಿರ ನಿಮ್ಮನ್ನು ಮಾತಾಡಲು ಕಳಿಸಿದರೆ "ಡಾಕ್ಟರ್ ನೋಡಿದ್ದಾರಾ?" ಅಂತ ಮೊದಲು ಕೇಳಿ. ಇದನ್ನು ಹೇಳಿಕೊಡದ ಕ್ರೈಸಿಸ್ ಕೋರ್ಸ್ ಆಸ್ಪತ್ರೆಯವರಿಗೆ ಆಗಿಬರುವುದಿಲ್ಲ. ಎಂಎಚ್‌ಗ್ಯಾಪ್ ಹೇಳಿಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶುರು ಮಾಡಿದ ಕಾರ್ಯಕ್ರಮ ಅದು, ಮನೋವೈದ್ಯರಲ್ಲದ ಡಾಕ್ಟರು, ನರ್ಸ್‌ಗಳಿಗೆ. ಅದರ ಮಾರ್ಗದರ್ಶಿಯ ಎರಡನೇ ಆವೃತ್ತಿ 2016ರಲ್ಲಿ ಬಂತು, ಉಚಿತ. ಆತ್ಮಹತ್ಯೆ, ಕುಡಿತ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ), ಫಿಟ್ಸ್ ಎಲ್ಲಕ್ಕೂ ಇದಾದ ಮೇಲೆ ಇದು ಅಂತ ದಾರಿ ಹಾಕಿಕೊಟ್ಟಿದ್ದಾರೆ. ಪ್ರಿಂಟ್ ತೆಗೆದು ಡೆಸ್ಕ್‌ನಲ್ಲಿ ಇಟ್ಟುಕೊಳ್ಳಿ.

ವ್ಯಸನಮುಕ್ತಿ ಕೌನ್ಸೆಲರ್:

ಕುಡಿತ, ಡ್ರಗ್ಸ್ ಕೇಸ್ ಜಾಸ್ತಿ ಇದ್ದರೆ ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಕಲಿಯಿರಿ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದದ್ದು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದರು. ಬಿಡಿ ಬಿಡಿ ಅಂತ ನಾವು ಒತ್ತಾಯ ಮಾಡಿದಷ್ಟೂ ಅವರು ಯಾಕೆ ಬಿಡಲ್ಲ ಅಂತ ವಾದ ಮಾಡುತ್ತಾರೆ. ಹಾಗಾಗಿ ಬಿಡುವ ಮಾತು ಅವರ ಬಾಯಿಂದಲೇ ಬರುವ ಹಾಗೆ ಮಾತಾಡಿಸುವುದು ಇದರ ತಿರುಳು. ಕೇಳಲು ಸರಳ. ಮಾಡಲು ಹೋದರೆ ಉಪದೇಶ ತಾನಾಗೇ ಬಾಯಿಗೆ ಬರುತ್ತದೆ.

ಈ ವರ್ಕ್‌ಶಾಪ್‌ಗಳ ಬಗ್ಗೆ ಮಿಲ್ಲರ್ ತಂಡವೇ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬರೀ ವರ್ಕ್‌ಶಾಪ್ ಮಾಡಿ ಹೋದವರ ಕೌಶಲ ತಿಂಗಳುಗಳಲ್ಲಿ ಇಳಿದುಹೋಗಿತ್ತು. ತಮ್ಮ ಸೆಷನ್‌ನ ರೆಕಾರ್ಡಿಂಗ್ ಕಳಿಸಿ ಫೀಡ್‌ಬ್ಯಾಕ್ ಪಡೆದವರು, ಫೋನಿನಲ್ಲಿ ಕೋಚಿಂಗ್ ಪಡೆದವರು ಉಳಿಸಿಕೊಂಡಿದ್ದರು. ಅಂದರೆ ತಮ್ಮ ವರ್ಕ್‌ಶಾಪ್ ಒಂದೇ ಸಾಲದು ಅಂತ ಆ ವಿಧಾನ ಹುಟ್ಟುಹಾಕಿದವರೇ ತೋರಿಸಿದರು. ಅದಕ್ಕೇ ಹೇಳುವುದು, ಎರಡು ದಿನಕ್ಕೆ ಕೊಡುವ ಫೀಸ್‌ನಲ್ಲಿ ಆಮೇಲಿನ ಕೋಚಿಂಗ್ ಸೇರಿದೆಯಾ ಅಂತ ಕೇಳಿ. ಸೇರಿಲ್ಲ ಅಂದರೆ ಚಿಕ್ಕ ಕೋರ್ಸ್ ಮಾಡಿ, ಉಳಿದ ದುಡ್ಡಿನಲ್ಲಿ ತಿಂಗಳಿಗೊಮ್ಮೆ ಒಬ್ಬ ಸೂಪರ್‌ವೈಸರ್ (ನಿಮ್ಮ ಕೇಸ್‌ಗಳ ಬಗ್ಗೆ ಮಾರ್ಗದರ್ಶನ ಕೊಡುವ ಅನುಭವಿ) ಹತ್ತಿರ ಕೂತುಕೊಳ್ಳಿ.

ನನ್ನ ಮೊದಲ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯ್ತು, ನಾನೇ ಜಾಸ್ತಿ ಮಾತಾಡುತ್ತೇನೆ ಅಂತ. (ಈಗ ಇಲ್ಲೂ ಅದೇ ಮಾಡುತ್ತಿದ್ದೇನೆ, ಇರಲಿ.)

ಎನ್‌ಜಿಒದಲ್ಲಿ ನೇಮಕಾತಿ ನೋಡುವವರು:

ಮೇಲಿನವರು ಸರ್ಟಿಫಿಕೇಟ್‌ಗೆ ಬೆಲೆಯೇ ಇಲ್ಲ ಅನ್ನೋ ಥರ ಹೇಳುತ್ತಿದ್ದಾರೆ, ನಾನು ಒಪ್ಪುವುದಿಲ್ಲ. ಅರ್ಜಿಗಳ ರಾಶಿಯಲ್ಲಿ ಅಸಿಸ್ಟ್ ಅಂತಲೋ ಎಂಎಚ್‌ಗ್ಯಾಪ್ ಅಂತಲೋ ಕಂಡರೆ ಆ ಅರ್ಜಿಯನ್ನು ಇಂಟರ್ವ್ಯೂಗೆ ಎತ್ತಿಡುತ್ತೇನೆ. ಆದರೆ ಇಂಟರ್ವ್ಯೂನಲ್ಲಿ ರೋಲ್ ಪ್ಲೇ ಮಾಡಿಸಿದರೆ ಐದೇ ನಿಮಿಷದಲ್ಲಿ ಯಾರು ಅಭ್ಯಾಸ ಮಾಡಿದ್ದಾರೆ ಅಂತ ತಿಳಿದುಬಿಡುತ್ತದೆ, ಅದೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಮಾಡಿದ ಈಕ್ವಿಪ್ ಅನ್ನೋ ಉಚಿತ ವೇದಿಕೆ ಇದೆ, ರೋಲ್ ಪ್ಲೇ ನೋಡಿ ಕೌಶಲ ಅಳೆಯುವುದಕ್ಕೆ ಬೇಕಾದ ಪಟ್ಟಿಗಳು ಅದರಲ್ಲಿವೆ. ನಾವು ಅದನ್ನೇ ಬಳಸುತ್ತೇವೆ.

ಒಂದು ಎಚ್ಚರಿಕೆ. ಎರಡು ದಿನದ ಸರ್ಟಿಫಿಕೇಟ್ ಇಟ್ಟುಕೊಂಡು ಥೆರಪಿಸ್ಟ್ ಅಂತ ಬೋರ್ಡ್ ಹಾಕಲು ಬರುವುದಿಲ್ಲ. ಲೈಸೆನ್ಸ್, ರಿಜಿಸ್ಟ್ರೇಷನ್ ಬೇರೆಯೇ ದಾರಿ.

ತರಬೇತಿ ಕೊಡುವವರು, ಸೂಪರ್‌ವೈಸರ್:

ಯಾವುದು ವೇಸ್ಟ್ ಅಂತ ಕೇಳಿದ್ದೀರಿ, ಅದಕ್ಕೆ ಉತ್ತರ ಯಾರೂ ಸರಿಯಾಗಿ ಕೊಟ್ಟಿಲ್ಲ. ಕೋರ್ಸಿನ ಪಠ್ಯದಲ್ಲಿ ಈ ಮೂರರಲ್ಲಿ ಯಾವುದು ಕಂಡರೂ ಯೋಚಿಸಿ.

ಮೊದಲನೆಯದು, ಘಟನೆ ಆದ ತಕ್ಷಣ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ವಿವರವಾಗಿ ಹೇಳಿಸುವ ಡೀಬ್ರೀಫಿಂಗ್. ಒಂದೇ ಸಲ ಕೂರಿಸಿ ಹೀಗೆ ಮಾಡಿಸುವುದರಿಂದ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ತಪ್ಪಿಸಬಹುದು ಅನ್ನುವುದಕ್ಕೆ ಆಧಾರ ಸಿಗಲಿಲ್ಲ, ಕೆಲವರಿಗೆ ಅದರಿಂದ ತೊಂದರೆಯೇ ಆಗಬಹುದು ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯಲ್ಲಿದೆ. ಎರಡನೆಯದು, "ಸಾಯುವುದಿಲ್ಲ" ಅಂತ ಸಹಿ ಹಾಕಿಸಿಕೊಳ್ಳುವ ಒಪ್ಪಂದ. ಇದರಿಂದ ಸಮಾಧಾನ ಆಗುವುದು ಸಹಿ ಹಾಕಿಸಿಕೊಂಡವರಿಗೆ. ಮೂರನೆಯದು, ಅಂಕ ಕೂಡಿಸಿ ಇವರು ಹೈ ರಿಸ್ಕ್, ಇವರು ಲೋ ರಿಸ್ಕ್ ಅಂತ ಮುಂದಾಗುವುದನ್ನು ಹೇಳುತ್ತೇವೆ ಅನ್ನುವುದು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಅಂಥ ಸ್ಕೇಲ್‌ಗಳನ್ನು ಭವಿಷ್ಯ ಹೇಳಲು ಬಳಸಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ. ಪ್ರಶ್ನಾವಳಿಯೇ ಬೇಡ ಅಂತ ಇದರ ಅರ್ಥ ಅಲ್ಲ, ಏನೇನು ಕೇಳಬೇಕು ಅನ್ನೋದು ಮರೆಯದಿರಲು ಒಳ್ಳೆಯದೇ. ಅಂಕ ನೋಡಿ ಮನೆಗೆ ಕಳಿಸುವುದು ಮಾತ್ರ ಬೇಡ.

ಇವುಗಳ ಬದಲು ಸೇಫ್ಟಿ ಪ್ಲಾನಿಂಗ್ ಕಲಿಯಿರಿ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ್ದು, ಒಂದೇ ಹಾಳೆ, ಆರು ಹೆಜ್ಜೆ. ಸಂಕಟ ಶುರುವಾಗುವ ಗುರುತುಗಳು ಏನು, ಆಗ ತಾವೇ ಏನು ಮಾಡಿಕೊಳ್ಳಬಹುದು, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ ಯಾವುದು, ಬಾಯಿಬಿಟ್ಟು ಸಹಾಯ ಕೇಳಬಹುದಾದವರು ಯಾರು, ಯಾವ ಡಾಕ್ಟರ್ ಅಥವಾ ಸಹಾಯವಾಣಿ, ಕೊನೆಗೆ ಅಪಾಯದ ವಸ್ತುಗಳನ್ನು ಕೈಗೆ ಸಿಗದ ಹಾಗೆ ಮಾಡುವುದು ಹೇಗೆ. ಹಾಳೆ ತುಂಬಿಸುವುದು ಯಾರಿಂದಲೂ ಆಗುತ್ತದೆ. ತರಬೇತಿ ಬೇಕಾಗುವುದು ಆಮೇಲಿನ ಮಾತಿಗೆ. ಅವರು "ಅಕ್ಕನಿಗೆ ಫೋನ್ ಮಾಡ್ತೀನಿ" ಅಂತ ಬರೆಸುತ್ತಾರೆ. ಅಲ್ಲಿಗೆ ಮುಂದಿನ ಸಾಲಿಗೆ ಹೋಗಬಾರದು. "ಅಕ್ಕ ಎತ್ತದಿದ್ದರೆ? ರಾತ್ರಿ ಎರಡು ಗಂಟೆ ಆಗಿದ್ದರೆ? ಅಕ್ಕನಿಗೆ ಇದು ಗೊತ್ತಾ?" ಅಂತ ಕೇಳಬೇಕು. ಆಗ ಎಷ್ಟೋ ಸಲ "ಇಲ್ಲ, ಅವಳಿಗೆ ಹೇಳಲು ಆಗಲ್ಲ" ಅನ್ನೋದು ಹೊರಗೆ ಬರುತ್ತದೆ, ನಿಜವಾದ ಮಾತುಕತೆ ಶುರುವಾಗುವುದೇ ಅಲ್ಲಿಂದ. ನನ್ನ ಬ್ಯಾಚ್‌ಗಳಲ್ಲಿ ಈ ಒಂದು ಹಾಳೆಗೆ ಅರ್ಧ ದಿನ ಕೊಡುತ್ತೇನೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಸೈಕಲಾಜಿಕಲ್ ಫಸ್ಟ್ ಏಡ್‌ನ ಉಚಿತ ಕೈಪಿಡಿ, ಎಂಎಚ್‌ಗ್ಯಾಪ್ ಪುಸ್ತಕ. ದುಡ್ಡು ಕೂಡಿದ ಮೇಲೆ ಅಸಿಸ್ಟ್. ನಡುವೆ ಸೂಪರ್‌ವೈಸರ್ ಹುಡುಕಬೇಕು. ನಮ್ಮಲ್ಲಿ ಆ ಥರ ಯಾರೂ ಇಲ್ಲ, ನನ್ನ ಮೇಲಿನವರು ಅಡ್ಮಿನ್‌ನವರು. ಏನು ಮಾಡಲಿ? ರೆಕಾರ್ಡಿಂಗ್ ಎಮರ್ಜೆನ್ಸಿಯಲ್ಲಿ ಹೇಗೆ ಸಾಧ್ಯ?

ವ್ಯಸನಮುಕ್ತಿ ಕೌನ್ಸೆಲರ್:

ಎಮರ್ಜೆನ್ಸಿಯಲ್ಲಿ ರೆಕಾರ್ಡ್ ಮಾಡಲೇಬೇಡಿ. ಆ ಸ್ಥಿತಿಯಲ್ಲಿ ಇರುವವರಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಫಾಲೋಅಪ್‌ಗೆ ಬಂದಾಗ ಕೇಳಿ, ಆಸ್ಪತ್ರೆಯ ಅನುಮತಿ, ಅವರ ಲಿಖಿತ ಒಪ್ಪಿಗೆ ಎರಡೂ ಇದ್ದರೆ ಮಾತ್ರ ಮಾಡಿ. ಇಲ್ಲದಿದ್ದರೆ ಸಹೋದ್ಯೋಗಿ ಜೊತೆ ರೋಲ್ ಪ್ಲೇ ಮಾಡಿ ಅದನ್ನೇ ರೆಕಾರ್ಡ್ ಮಾಡಿಕೊಳ್ಳಿ, ಕಲಿಯಲು ಅದು ಸಾಕು.

ತರಬೇತಿ ಕೊಡುವವರು, ಸೂಪರ್‌ವೈಸರ್:

ಸೂಪರ್‌ವೈಸರ್ ನಿಮ್ಮ ಆಸ್ಪತ್ರೆಯವರೇ ಆಗಬೇಕಿಲ್ಲ, ವಿಡಿಯೋ ಕಾಲ್‌ನಲ್ಲೂ ನಡೆಯುತ್ತದೆ. ಕ್ಲಿನಿಕಲ್ ಕೆಲಸ ಮಾಡಿ ಗೊತ್ತಿರುವವರಾಗಿರಲಿ, ಅಷ್ಟೇ. ಕೇಸ್ ಹೇಳುವಾಗ ಹೆಸರು, ಊರು, ಗುರುತು ಹಿಡಿಯುವ ಯಾವುದೂ ಬೇಡ. ಅಡ್ಮಿನ್‌ನವರ ಹತ್ತಿರ ಟ್ರೇನಿಂಗ್ ರಜೆ ಕೇಳುವಾಗಲೇ ತಿಂಗಳಿಗೆ ಎರಡು ಗಂಟೆ ಸೂಪರ್‌ವಿಷನ್‌ಗೆ ಬೇಕು ಅಂತ ಅದೇ ಪತ್ರದಲ್ಲಿ ಬರೆದುಬಿಡಿ, ಬೇರೆಯಾಗಿ ಕೇಳಿದರೆ ಆಮೇಲೆ ನೋಡೋಣ ಅನ್ನುತ್ತಾರೆ.